ಗೇರ್‌ಬಾಕ್ಸ್ ಇಳಿಸುತ್ತಿದ್ದ ಸಿಸ್ಟರ್

ಹೋದ ತಿಂಗಳು ನಮ್ಮ ಬೀದಿಯ ಸಿಸ್ಟರ್ ತೀರಿಕೊಂಡರು. ಹನ್ನೊಂದನೆಯ ದಿನದ ಊಟಕ್ಕೆ ಹಿನಕಲ್‌ನ ಅರ್ಧಕ್ಕರ್ಧ ಜನ ಬಂದಿದ್ದರು. ಎಲೆ ಮುಂದೆ ಕೂತವರೆಲ್ಲ ಒಂದೊಂದು ನೆನಪು ತೆಗೆದರು. ಒಬ್ಬರಿಗೆ ಅವರು ನೋವೇ ಗೊತ್ತಾಗದ ಹಾಗೆ ಚುಚ್ಚುತ್ತಿದ್ದ ಇಂಜೆಕ್ಷನ್ನು, ಇನ್ನೊಬ್ಬರಿಗೆ ಮಗಳ ಹೆರಿಗೆಯಲ್ಲಿ ಬೆಳಗಿನವರೆಗೆ ಪಕ್ಕದಲ್ಲೇ ಕೂತಿದ್ದು, ಮತ್ತೊಬ್ಬರಿಗೆ ಬಿಪಿ ನೋಡಿ ಉಪ್ಪಿನಕಾಯಿ ಬಿಡಿಸಿದ್ದು. ಎಲ್ಲ ನಿಜವೇ. ಆದರೆ ಪಾಯಸ ಬರುವವರೆಗೂ ಕಾದೆ, ಒಬ್ಬರಾದರೂ ಗೇರ್‌ಬಾಕ್ಸಿನ ಮಾತೆತ್ತಲಿಲ್ಲ. ನನಗೆ ಸಿಟ್ಟೇ ಬಂತು. ಆ ಸಿಟ್ಟು ಆರುವ ಮೊದಲು ಇದನ್ನು ಬರೆದು ಮುಗಿಸಬೇಕು ಅಂತ ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಬೀದಿಯವರಿಗೆ ಯಾರೆಂದು ಗೊತ್ತಾಗುವುದು ಅನುಮಾನ. ಕೊರಿಯರ್‌ನವನೂ ‘ಸಿಸ್ಟರ್ ಮನೆ ಯಾವುದು’ ಎಂದೇ ಕೇಳುತ್ತಿದ್ದ. ಮಂಡಕಳ್ಳಿ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿ, ನರ್ಸಿಂಗ್ ಓದಿ, ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಇಡೀ ಸರ್ವೀಸು ಕಳೆದವರು. ಯಜಮಾನರು ಆಂಬ್ಯುಲೆನ್ಸ್ ಡ್ರೈವರು. ಭಾನುವಾರ ಬಂತೆಂದರೆ ಆ ಮನುಷ್ಯ ಮನೆ ಮುಂದೆ ತಮ್ಮ ಹಳೇ ಜೀಪನ್ನೋ, ಬೇರೆ ಯಾರದೋ ಗಾಡಿಯನ್ನೋ ಬಿಚ್ಚಿಕೊಂಡು ಅಂಗಾತ ಮಲಗಿರುತ್ತಿದ್ದರು, ಸಿಸ್ಟರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿಯುತ್ತಿದ್ದರು. ಕೆಲಸ ಮಾಡುವವರಿಗಿಂತ ಟಾರ್ಚ್ ಹಿಡಿದವರಿಗೇ ಎಲ್ಲ ಚೆನ್ನಾಗಿ ಕಾಣುತ್ತದೆ ಎಂದು ಅವರು ಆಮೇಲೆ ನನಗೆ ಹೇಳಿದ್ದುಂಟು. ಯಜಮಾನರು ಹೋದ ಮೇಲೆ ಜೀಪು ಉಳಿಯಿತು, ಸ್ಪ್ಯಾನರ್ ಡಬ್ಬಿ ಉಳಿಯಿತು. ವರ್ಷದ ಮಾಸಿಕವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಸಿಸ್ಟರೇ ಜೀಪಿನ ಕೆಳಗೆ ತೂರಿಕೊಂಡರು. ಬೀದಿಯವರು ಗೇಟಿನ ಹತ್ತಿರ ನಿಂತು ನೋಡಿದರು. ಸಂಜೆಗೆ ಜೀಪು ಸ್ಟಾರ್ಟ್ ಆಯಿತು, ನೋಡುತ್ತಿದ್ದವರೆಲ್ಲ ಅವರವರ ಮನೆಗೆ ಹೋದರು.

ಅವರ ರಿಟೈರ್‌ಮೆಂಟಿನ ಕಥೆ ಆಸ್ಪತ್ರೆಯಲ್ಲಿ ಈಗಲೂ ಚಾಲ್ತಿಯಲ್ಲಿದೆಯಂತೆ. ಜೊತೆಯಲ್ಲಿ ಕೆಲಸ ಮಾಡಿದವರೆಲ್ಲ ಸೇರಿ ಒಂದು ಜೊತೆ ಬೆಳ್ಳಿ ದೀಪ ಕೊಡುವುದು ಅಂತ ತೀರ್ಮಾನ ಮಾಡಿದ್ದರು. ಸಿಸ್ಟರ್‌ಗೆ ಸುಳಿವು ಸಿಕ್ಕಿತು. ನೇರವಾಗಿ ಹೋಗಿ, “ದೀಪ ಮನೇಲಿ ಅದೆ ಕಣ್ರಮ್ಮ. ಕೊಡೋದೇ ಆದ್ರೆ ಒಂದು ಟ್ರಾಲಿ ಜಾಕ್ ಕೊಡ್ಸ್ಬುಡಿ,” ಅಂದರಂತೆ. ಟ್ರಾಲಿ ಜಾಕ್ ನೋಡದವರಿಗೆ ಹೇಳುವುದಾದರೆ, ಅದು ನಾಲ್ಕು ಪುಟ್ಟ ಚಕ್ರದ ಮೇಲೆ ಉದ್ದಕ್ಕೆ ಮಲಗಿರುವ ಕಬ್ಬಿಣದ ಸಾಧನ. ಅದರ ಹಿಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಮುಂದಿನ ತೋಳು ಮೆಲ್ಲಗೆ ಏಳುತ್ತದೆ, ಮೇಲಿಟ್ಟ ಗಾಡಿಯೂ ಅದರ ಜೊತೆ ಏಳುತ್ತದೆ. ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಈ ಜಾಕು ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಕೂತಿತ್ತು. ಭಾಷಣ ಮಾಡಿದ ದೊಡ್ಡ ಡಾಕ್ಟರು ಅದನ್ನು ಮೂಳೆ ವಿಭಾಗಕ್ಕೆ ಬಂದ ಹೊಸ ಸಲಕರಣೆ ಅಂದುಕೊಂಡರಂತೆ. ಕಾರ್ಯಕ್ರಮ ಮುಗಿದ ಮೇಲೆ ಸಿಸ್ಟರ್ ಶಾಲು ಹೊದ್ದು, ಹಾರ ಹಾಕಿಕೊಂಡೇ ಜಾಕಿನ ಹಿಡಿ ಹಿಡಿದು ಆಸ್ಪತ್ರೆಯ ಉದ್ದಕ್ಕೂ ಗಡಗಡ ಎಳೆದುಕೊಂಡು ಆಟೋ ಸ್ಟ್ಯಾಂಡಿನವರೆಗೆ ನಡೆದರು. ವಾರ್ಡಿನ ರೋಗಿಗಳೆಲ್ಲ ಎದ್ದು ಕೂತು ನೋಡಿದರಂತೆ. ಅಷ್ಟು ಜನ ಒಟ್ಟಿಗೆ ಎದ್ದು ಕೂತದ್ದನ್ನು ತಮ್ಮ ಸರ್ವೀಸಿನಲ್ಲೇ ನೋಡಿರಲಿಲ್ಲ ಎಂದು ಸಿಸ್ಟರ್ ಹೇಳುತ್ತಿದ್ದರು.

ಮನೆಗೆ ಬಂದ ಜಾಕನ್ನು ಅವರು ಹಾಗೇ ಬಿಡಲಿಲ್ಲ. ಅದರ ತಲೆಯ ಮೇಲೆ ಊಟಕ್ಕೆ ಕೂರುವ ಹಲಸಿನ ಮಣೆಯೊಂದನ್ನು ಬೋಲ್ಟ್ ಹಾಕಿ ಕೂರಿಸಿದರು. ಮಣೆಯ ಮೂಲೆಗಳಿಗೆ ಟೈರಿನ ತುಂಡು, ಎರಡು ಪಕ್ಕಕ್ಕೂ ಕ್ಯಾನ್ವಾಸ್ ಬೆಲ್ಟು. ಗೇರ್‌ಬಾಕ್ಸು ಆ ಮಣೆಯ ಮೇಲೆ ಕೂತು, ಬೆಲ್ಟ್ ಬಿಗಿಸಿಕೊಂಡು, ಅಲುಗಾಡದೆ ಕೆಳಗಿಳಿಯುತ್ತಿತ್ತು. ಗ್ಯಾರೇಜಿನಲ್ಲಿ ಇಬ್ಬರು ಹುಡುಗರು ಎದೆ ಮೇಲೆ ಹೊತ್ತು ಇಳಿಸುವ ಭಾರವನ್ನು ಅರವತ್ತು ದಾಟಿದ ಹೆಂಗಸು ಒಂದು ಕೈಯಲ್ಲಿ ಹಿಡಿಯಾಡಿಸಿಕೊಂಡು ಇಳಿಸುತ್ತಿದ್ದರು. “ರೋಗೀನ ಎಳೀಬಾರ್ದು ಕಣಪ್ಪ, ಜಾರಿಸ್ಕೋಬೇಕು,” ಎನ್ನುತ್ತಿದ್ದರು. ಕ್ಲಚ್ ಪ್ಲೇಟನ್ನು ನಟ್ಟ ನಡುವೆ ಕೂರಿಸಲು ಅಂಗಡಿಯಲ್ಲಿ ಒಂದು ಕಡ್ಡಿ ಸಿಗುತ್ತದೆ. ಅವರು ಅದನ್ನು ಕೊಳ್ಳಲಿಲ್ಲ. ಮನೆಯ ಹಳೇ ಲಟ್ಟಣಿಗೆಯ ತುದಿಯನ್ನು ಹೆರೆದು ಅಳತೆಗೆ ತಂದಿಟ್ಟುಕೊಂಡಿದ್ದರು. ಅದರಲ್ಲಿ ಆಮೇಲೂ ಚಪಾತಿ ಲಟ್ಟಿಸುತ್ತಿದ್ದರೇ ಅಂತ ನಾನು ಕೇಳಲು ಹೋಗಲಿಲ್ಲ, ಏಕೆಂದರೆ ಅವರ ಮನೆಯ ಚಪಾತಿ ಬಹಳ ಸಲ ತಿಂದಿದ್ದೆ.

ಗಾಡಿಯನ್ನು ಜಾಕಿನಲ್ಲಿ ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸದೆ ಅವರು ಬೆರಳನ್ನೂ ಕೆಳಗೆ ತೂರಿಸುತ್ತಿರಲಿಲ್ಲ. ಜಾಕು ಎತ್ತುವುದಕ್ಕೆ, ಸ್ಟ್ಯಾಂಡು ಹೊರುವುದಕ್ಕೆ. ಎರಡನ್ನೂ ಬೆರೆಸಿದವರನ್ನು ಥಿಯೇಟರಿನ ಮೇಜಿನ ಮೇಲೆ ನೋಡಿದ್ದೇನೆ ಎನ್ನುವರು. ಕೂರಿಸಿದ ಮೇಲೆ ಸೆರಗು ಸಿಕ್ಕಿಸಿ, ಬಾನೆಟ್ಟಿಗೆ ಎರಡೂ ಕೈ ಕೊಟ್ಟು ಗಾಡಿಯನ್ನು ಜೋರಾಗಿ ಅಲ್ಲಾಡಿಸುವರು. ಅಲ್ಲಾಡದಿದ್ದರೆ ಮಾತ್ರ ಚಾಪೆ ಹಾಸುವರು. ಮಲಗಿದ ಮೇಲೆ ಸ್ಪ್ಯಾನರ್ ಬೇಕೆಂದರೆ ಕೇಳುತ್ತಿರಲಿಲ್ಲ. ಅಂಗೈ ಬಿಚ್ಚಿ ಹೊರಗೆ ಚಾಚುವರು. ಯಾವ ನಂಬರಿನದು ಅಂತ ನಾವೇ ತಿಳಿದು ಅಂಗೈಗೆ ಪಟ್ ಎಂದು ಬಡಿಯುವ ಹಾಗೆ ಇಡಬೇಕು. ಮೆಲ್ಲಗೆ ಇಟ್ಟರೆ ಬಯ್ಯುವರು. ತಪ್ಪು ಸ್ಪ್ಯಾನರ್ ಇಟ್ಟರೆ ಅದು ಹಾಗೇ ವಾಪಸ್ ಬಂದು ನೆಲಕ್ಕೆ ಬೀಳುವುದು, ಕೈ ಮತ್ತೆ ಬಿಚ್ಚಿಕೊಳ್ಳುವುದು. ಹೀಗೆ ಅವರ ಕೈ ನೋಡಿಯೇ ನಾನು ಮೆಕ್ಯಾನಿಕ್ ಕೆಲಸ ಕಲಿತೆ. ಮುಖ ಕಾಣುತ್ತಿದ್ದುದು ಕಾಫಿಗೆ ಹೊರಗೆ ಬಂದಾಗ ಮಾತ್ರ.

ಮತ್ತೆ ಅವರ ಲೆಕ್ಕ. ಕೆಲಸ ಶುರುವಾಗುವ ಮುಂಚೆ ಏನೇನು ಒಳಗೆ ಹೋಗುತ್ತದೋ ಅದನ್ನೆಲ್ಲ ಎಣಿಸುವರು. ಕೆಲಸ ಮುಗಿದ ಮೇಲೆ ಅದೆಲ್ಲ ಹೊರಗೆ ಬಂದಿದೆಯೇ ಅಂತ ಎಣಿಸುವರು. ಸ್ಪ್ಯಾನರಿಷ್ಟು, ಬೋಲ್ಟಿಷ್ಟು, ಒರೆಸುವ ಬಟ್ಟೆ ಇಷ್ಟು. ಬಟ್ಟೆಗಳೆಂದರೆ ಬಿಳೀ ಪಂಚೆ ಹರಿದು ಮಾಡಿದ ಒಂದು ಡಜನ್ ತುಂಡುಗಳು, ಪ್ರತಿಯೊಂದರ ಮೂಲೆಗೂ ಕೆಂಪು ದಾರದ ಒಂದು ಹೊಲಿಗೆ. ಲೆಕ್ಕ ಕೂಡುವವರೆಗೆ ಗಾಡಿಯ ಕೀಲಿ ಅವರ ಸೊಂಟದಲ್ಲೇ ಇರುತ್ತಿತ್ತು. ಇದು ಎಲ್ಲಿಂದ ಬಂತೆಂದು ಒಂದು ಸಲ ಕೇಳಿದೆ. ಒಂದು ಆಪರೇಷನ್ನಿನಲ್ಲಿ ಹತ್ತಿಬಟ್ಟೆಯ ಲೆಕ್ಕಕ್ಕೆ ಒಂದು ಕಡಿಮೆ ಬಂತಂತೆ. ಹೊಲಿಗೆ ಹಾಕಲು ಸೂಜಿ ಕೊಡು ಅಂತ ಡಾಕ್ಟರು ಕೂಗಾಡಿದರು, ಇವರು ಸೂಜಿ ಹಿಂದಕ್ಕೆ ಹಿಡಿದು ಕೊಡುವುದಿಲ್ಲ ಎಂದು ನಿಂತರು. ಡಾಕ್ಟರು ಬೈದುಕೊಂಡೇ ಮತ್ತೆ ಹುಡುಕಿದರು. ಬಟ್ಟೆ ಎಲ್ಲಿರಬಾರದೋ ಅಲ್ಲೇ ಇತ್ತು. ಒಂದು ವಾರ ಆ ಡಾಕ್ಟರು ಇವರ ಜೊತೆ ಮಾತು ಬಿಟ್ಟರಂತೆ. ಆಮೇಲೆ ಇವರಿಲ್ಲದೆ ಥಿಯೇಟರಿಗೆ ಹೋಗುವುದನ್ನು ಬಿಟ್ಟರಂತೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಕನ್ನಡ ಬಿ.ಎ. ಮಾಡಿದವನು ನಾನು, ಆದರೆ ಹೊಟ್ಟೆ ಹೊರೆದದ್ದು ಸ್ಕೂಲ್ ವ್ಯಾನಿನಲ್ಲಿ. ಹದಿನಾರು ಮಕ್ಕಳನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವುದು. ಮನೆಯಲ್ಲಿ ನಾನು, ನಮ್ಮವ್ವ ಇಬ್ಬರೇ, ಆ ವ್ಯಾನು ಓಡಿದರೆ ಒಲೆ ಉರಿಯುತ್ತಿತ್ತು. ವಾರ್ಷಿಕ ಪರೀಕ್ಷೆ ಸೋಮವಾರ ಶುರು ಎನ್ನುವಾಗ ಶುಕ್ರವಾರ ಸಂಜೆ ಮನೆ ಮುಂದೆಯೇ ಕ್ಲಚ್ಚು ಕೈಕೊಟ್ಟಿತು. ಗೇರ್ ಬೀಳುತ್ತದೆ, ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಇದ್ದಲ್ಲೇ ಇದೆ. ಗ್ಯಾರೇಜಿನವರು ಪ್ಲೇಟು ಸವೆದಿದೆ, ಗೇರ್‌ಬಾಕ್ಸ್ ಇಳಿಸದೆ ಹಾಕಲಾಗುವುದಿಲ್ಲ, ಒಂದು ವಾರ ಬಿಟ್ಟು ಬನ್ನಿ ಅಂದರು. ಅಷ್ಟರಲ್ಲಿ ಪಕ್ಕದ ಬಡಾವಣೆಯ ಇನ್ನೊಂದು ವ್ಯಾನಿನವನು ನನ್ನ ವ್ಯಾನಿನ ಮಕ್ಕಳ ಮನೆಗಳಿಗೆ ಒಂದು ಸುತ್ತು ಹೊಡೆದು ಬಂದಿದ್ದ. ತಂದೆತಾಯಿಗಳು ಮರ್ಯಾದಸ್ಥರೇ, ನನಗೆ ಫೋನ್ ಮಾಡಿ ಹೇಳಿದರು. ಪರೀಕ್ಷೆ ನೋಡಿ, ಸೋಮವಾರ ನಿಮ್ಮ ವ್ಯಾನು ಬಂದರೆ ಸರಿ, ಬರದಿದ್ದರೆ ಅವರಿಗೇ ಒಪ್ಪಿಸುತ್ತೇವೆ, ಆಮೇಲೆ ಬದಲಾಯಿಸುವುದಕ್ಕೆ ಆಗುವುದಿಲ್ಲ. ಅವರದು ತಪ್ಪೆಂದು ನಾನು ಹೇಳಲಾರೆ.

ಸಿಸ್ಟರ್ ಶನಿವಾರ ಬೆಳಿಗ್ಗೆ ಹೂ ಕೀಳಲು ಬಂದವರು ನನ್ನ ಮುಖ ನೋಡಿ ಏನು ಎತ್ತ ವಿಚಾರಿಸಿದರು. ವ್ಯಾನಿನಲ್ಲಿ ಕೂತು ಒಂದು ಸಲ ಕ್ಲಚ್ ತುಳಿದು ನೋಡಿದರು. ಹೋಗಿ ಪ್ಲೇಟು ತಗೊಂಡು ಬಾ, ನಾನು ತಿಂಡಿ ತಿಂದು ಬರುತ್ತೇನೆ ಅಂದರು, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆ ಮುಂದೆ ವ್ಯಾನು ಸ್ಟ್ಯಾಂಡಿನ ಮೇಲಿತ್ತು. ಶನಿವಾರವೆಲ್ಲ ಬಿಚ್ಚುವ ಕೆಲಸ. ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟು, ಕೇಬಲ್ಲುಗಳು, ವೈರುಗಳು ಒಂದೊಂದಾಗಿ ಬಂದವು. ಸಂಜೆಗೆ ಇಂಜಿನ್ನಿಗೆ ಮರದ ದಿಮ್ಮಿ ಕೊಟ್ಟು, ಜಾಕಿನ ಮಣೆಯ ಮೇಲೆ ಗೇರ್‌ಬಾಕ್ಸನ್ನು ಕೂರಿಸಿ, ಕೊನೆಯ ಬೋಲ್ಟು ಬಿಚ್ಚಿ ಹಿಂದಕ್ಕೆ ಜಾರಿಸಿದರು. ಅದು ಅಷ್ಟು ಸುಲಭವಾಗಿ ಕಳಚಿಕೊಂಡಿತೆಂದರೆ ನನಗೆ ನಂಬಿಕೆಯೇ ಬರಲಿಲ್ಲ. ಭಾನುವಾರ ಹೊಸ ಪ್ಲೇಟು ಲಟ್ಟಣಿಗೆಯ ಅಳತೆಗೆ ನಟ್ಟ ನಡುವೆ ಕೂತಿತು, ಲಟ್ಟಣಿಗೆ ಹೊರಗೆ ಬಂತು. ಜಾಕಿನ ಹಿಡಿಯನ್ನು ನಾನು ಆಡಿಸುತ್ತಿದ್ದೆ, ಸಿಸ್ಟರ್ ಒಳಗಿಂದ ‘ಕೂದಲೆಳೆ ಮೇಲೆ’, ‘ಅರ್ಧ ಕೂದಲು ಕೆಳಗೆ’ ಎನ್ನುತ್ತಿದ್ದರು. ಗೇರ್‌ಬಾಕ್ಸಿನ ದಂಡ ಪ್ಲೇಟಿನ ಕಣ್ಣಿಗೆ ಸರಿಯಾಗಿ ಎದುರಾಗುವವರೆಗೆ ತಳ್ಳಬಾರದು. ಎದುರಾದರೆ ತಾನೇ ಒಳಗೆ ಹೋಗುತ್ತದೆ. ಹೋಯಿತು. ಬೋಲ್ಟ್ ಬಿಗಿಸಿ, ಶಾಫ್ಟ್ ಹಾಕಿ, ಎಣ್ಣೆ ತುಂಬಿ ಮುಗಿಸುವಾಗ ಮೂರು ಗಂಟೆ. ನನಗೆ ಕುಣಿಯುವಷ್ಟು ಖುಷಿ. ಕೀಲಿಗೆ ಕೈ ಚಾಚಿದೆ.

ಮೊದಲು ಲೆಕ್ಕ ಎಂದರು. ಸ್ಪ್ಯಾನರ್ ಸರಿ ಇತ್ತು. ಬೋಲ್ಟ್ ಒಂದೂ ಉಳಿದಿರಲಿಲ್ಲ. ಬಟ್ಟೆ ಹನ್ನೊಂದು. ಮತ್ತೆ ಎಣಿಸಿದೆವು, ಹನ್ನೊಂದು. ವ್ಯಾನಿನ ಕೆಳಗೆ, ಚಾಪೆ ಕೆಳಗೆ, ಡಬ್ಬಿಯ ಒಳಗೆ ನೋಡಿದೆವು, ಇಲ್ಲ. ಗೇರ್‌ಬಾಕ್ಸು ಇಂಜಿನ್ನಿಗೆ ಕೂಡುವ ಬಾಯಿಯನ್ನು ನಾನೇ ಒಂದು ಬಟ್ಟೆಯಲ್ಲಿ ಒರೆಸಿದ್ದೆ. ಆ ಬಟ್ಟೆಯನ್ನು ಹೊರಗೆ ತೆಗೆದೆನೋ ಇಲ್ಲವೋ ನೆನಪೇ ಬರಲೊಲ್ಲದು. ಅದು ಒಳಗಿದ್ದರೆ ಕ್ಲಚ್ಚಿಗೆ ಸುತ್ತಿಕೊಂಡು, ಹದಿನಾರು ಮಕ್ಕಳನ್ನು ಕೂರಿಸಿಕೊಂಡು ರಿಂಗ್ ರೋಡಿನ ಮಧ್ಯೆ ನಾನು ನಿಲ್ಲಬೇಕಾಗುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ಮತ್ತೆ ಇಳಿಸಿದರೆ ಸೋಮವಾರಕ್ಕೆ ಆಗುವುದಿಲ್ಲ ಎನ್ನುವುದೂ ಗೊತ್ತಿತ್ತು. ಕತ್ತಲಾದ ಮೇಲೆ ಗಾಡಿ ಮುಟ್ಟುವುದಿಲ್ಲ ಎನ್ನುವುದು ಸಿಸ್ಟರ್ ನಿಯಮ. ಹನ್ನೆರಡನೆಯದು ಎಲ್ಲೋ ಅಂತ ಅವರು ಕೇಳಿದಾಗ ನನ್ನ ಬಾಯಿ ತಡವರಿಸದೆ ಸುಳ್ಳಾಡಿತು.

“ಅದಾ ಸಿಸ್ಟರ್, ಗ್ರೀಸ್ ಮೆತ್ಕೊಂಡಿತ್ತು. ಬೆಳಿಗ್ಗೆ ಕಸದ ಗಾಡಿಗೆ ಹಾಕ್ಬುಟ್ಟೆ.”

ಸಿಸ್ಟರ್ ನನ್ನನ್ನು ಒಂದು ಗಳಿಗೆ ನೋಡಿದರು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದರು. “ಜಾಕ್ ತಗೊಂಬಾ,” ಎಂದರು.

ಅಂಗಲಾಚಿದೆ. ಮಕ್ಕಳ ಲೆಕ್ಕ ಹೇಳಿದೆ, ಆ ಇನ್ನೊಬ್ಬ ವ್ಯಾನಿನವನ ಲೆಕ್ಕ ಹೇಳಿದೆ, ಕೊನೆಗೆ ಸ್ವಲ್ಪ ದನಿಯನ್ನೂ ಏರಿಸಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಅಷ್ಟರಲ್ಲಿ ಚಾಪೆಯ ಮೇಲೆ ಮಲಗಿ ಅಂಗೈ ಚಾಚಿಯಾಗಿತ್ತು. ಸ್ಪ್ಯಾನರನ್ನು ಎಷ್ಟು ಜೋರಾಗಿ ಬಡಿದೆನೆಂದರೆ ‘ಈಗ ಸರಿಯಾಗಿ ಕೊಡ್ತಾ ಇದೀಯ’ ಅಂತ ಒಳಗಿಂದ ಮಾತು ಬಂತು. ತುಂಬಿದ ಎಣ್ಣೆ ಮತ್ತೆ ಬಸಿದೆವು. ಶಾಫ್ಟು ಬಂತು, ಬೋಲ್ಟು ಬಂದವು, ಗೇರ್‌ಬಾಕ್ಸು ಮಣೆಯ ಮೇಲೆ ಕೂತು ಕೆಳಗೆ ಬಂತು. ಸೂರ್ಯ ಮುಳುಗುವ ಹೊತ್ತು. ಟಾರ್ಚ್ ಹಿಡಿದು ಇಬ್ಬರೂ ತಲೆ ತೂರಿಸಿ ನೋಡಿದೆವು. ಒಳಗೆ ಹೊಸ ಪ್ಲೇಟು ಥಳಥಳ ಅನ್ನುತ್ತಿತ್ತು. ಬಟ್ಟೆಯಿರಲಿ, ಒಂದು ನೂಲೂ ಇರಲಿಲ್ಲ. ನನಗೆ ಅಳು ಬಂತು, ಅತ್ತೂಬಿಟ್ಟೆ. ಮೂವತ್ತೆಂಟು ವರ್ಷದ ಗಂಡಸು ಬೀದಿಯಲ್ಲಿ ಗ್ರೀಸ್ ಕೈಯಲ್ಲೇ ಕಣ್ಣೊರೆಸಿಕೊಂಡೆ.

ಕೈ ತೊಳೆದು ಕಾಫಿಗೆ ಒಳಗೆ ಬಂದೆವು. ಅಡುಗೆಮನೆಯ ಕಿಟಕಿಯ ಮೊಳೆಗೆ ಒಂದು ಬಿಳೀ ಗಂಟು ನೇತಾಡುತ್ತಿತ್ತು. ಅದರ ಮೂಲೆಯಲ್ಲಿ ಕೆಂಪು ದಾರ. ಅವ್ವ ಸೋಮವಾರದ ಸಾರಿಗೆಂದು ಹುರುಳಿಕಾಳು ನೆನೆಸಿ ಮೊಳಕೆ ಕಟ್ಟಿದ್ದಳು. ಜಗುಲಿಯ ಮೇಲೆ ಒಂದು ರಾಶಿ ಮಡಿಬಟ್ಟೆ ಸುಮ್ಮನೆ ಬಿದ್ದಿತ್ತು, ಒಂದು ತಗೊಂಡೆ, ಪಂಚೆಬಟ್ಟೆ ಮೊಳಕೆಗೆ ಬಲು ಒಳ್ಳೇದು ಅಂತ ಅವಳು ನಮಗೇ ತಿಳಿಸಿಕೊಟ್ಟಳು. ಕಸದ ಗಾಡಿಗೆ ಹೋಗಿದ್ದ ನನ್ನ ಬಟ್ಟೆ ಹೀಗೆ ಅಡುಗೆಮನೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ನಾನು ಅವ್ವನ ಮೇಲೆ ಹರಿಹಾಯುವವನಿದ್ದೆ, ಆದರೆ ಬಾಯಿ ತೆರೆದರೆ ನನ್ನ ಸುಳ್ಳಿನ ಮಾತು ಬರುತ್ತದೆ ಅಂತ ತೆಪ್ಪಗೆ ನೆಲ ನೋಡಿದೆ. ಸಿಸ್ಟರ್ ಗಂಟನ್ನು ನೋಡಿ, ಅವ್ವನನ್ನು ನೋಡಿ, ಗೋಡೆ ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ನೆಲಕ್ಕೇ ಕೂತರು. ಅವ್ವನಿಗೆ ವಿಷಯ ಗೊತ್ತಾಗಿ, “ಅಯ್ಯೋ ಸಿಸ್ಟರಮ್ಮ, ಸುಮ್ಸುಮ್ನೆ ಎರಡು ಸಲ ಇಳಿಸೋ ಅಂಗಾಯ್ತಲ್ಲ,” ಎಂದು ಪೇಚಾಡಿದಳು.

“ಸುಮ್ಸುಮ್ನೆ ಎಂಗಾಯ್ತದೆ? ಒಳಗೆ ಇಲ್ಲ ಅಂತ ಗೊತ್ತಾಯ್ತಲ್ಲ. ನಾನು ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತೀನಿ,” ಅಂದರು ಸಿಸ್ಟರ್. ಗಂಟು ಬಿಚ್ಚಲೂ ಬಿಡಲಿಲ್ಲ. ಲೆಕ್ಕಕ್ಕೆ ಸಿಕ್ಕಿದೆ, ಅಲ್ಲೇ ಇರಲಿ, ಮೊಳಕೆ ಬರಲಿ ಎಂದು ಕಾಫಿ ಕುಡಿದು ಹೋದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಮಕ್ಕಳು ಹೋಗುತ್ತವೆ ಎನ್ನುವ ಚಿಂತೆ ಅರ್ಧ. ಸಿಸ್ಟರ್ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲವಲ್ಲ ಎನ್ನುವುದು ಇನ್ನರ್ಧ.

ಬೆಳಕು ಹರಿಯುವಾಗ ಗೇಟು ಸದ್ದಾಯಿತು. ಸಿಸ್ಟರ್ ಬಂದಿದ್ದರು. ತಲೆಗೆ ಥಿಯೇಟರಿನ ಹಸಿರು ಬಟ್ಟೆ ಕಟ್ಟಿಕೊಂಡು, ಮದುವೆ ಮನೆಗೆ ಹೊರಟವರ ಸಡಗರದಲ್ಲಿದ್ದರು. ಎರಡನೇ ಸಲ ಮಾಡುವಾಗ ಕೈಗೆ ದಾರಿ ಗೊತ್ತಿರುತ್ತದೆ ಎಂದು ಅವರು ಹೇಳಿದ್ದು ನಿಜವಾಯಿತು. ನಾನು ಹಿಡಿಯಾಡಿಸಿದೆ, ಅವರು ಕೂದಲೆಳೆಯ ಲೆಕ್ಕ ಹೇಳಿದರು, ಮೊದಲನೇ ಸಲಕ್ಕೇ ದಂಡ ಒಳಗೆ ಹೋಯಿತು. ಏಳು ಗಂಟೆಗೆ ಬೋಲ್ಟು ಬಿಗಿಯಾದವು, ಏಳೂವರೆಗೆ ಶಾಫ್ಟು, ಕೇಬಲ್ಲು, ಎಣ್ಣೆ. ಮೊದಲನೇ ಮಗುವಿನ ಮನೆ ಮುಂದೆ ನಾನು ಎಂಟಕ್ಕೆ ಇರಬೇಕು. ಆಗಲೂ ಎಣಿಸಿದರು. ಹನ್ನೊಂದು ಬಟ್ಟೆ ಇಲ್ಲಿ, ಒಂದು ಅಡುಗೆಮನೆಯಲ್ಲಿ. ಕೀಲಿ ಕೊಟ್ಟರು. ತಿರುಗಿಸಿದೆ, ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ, ವ್ಯಾನು ಬೆಣ್ಣೆಯ ಹಾಗೆ ಜಾರಿ ಬೀದಿಗೆ ಬಂತು. ಅವ್ವ ಕೈಮುಗಿದಳು, ವ್ಯಾನಿಗೋ ಸಿಸ್ಟರ್‌ಗೋ ನನಗೆ ತಿಳಿಯಲಿಲ್ಲ. ಗೇರಿನ ಸದ್ದು ಕೇಳಬೇಕೆಂದು ಸಿಸ್ಟರ್ ಅದೇ ಗ್ರೀಸ್ ಸೀರೆಯಲ್ಲಿ ಮುಂದಿನ ಸೀಟು ಹತ್ತಿ ಕೂತರು.

ಮೊದಲ ತಿರುವಿನಲ್ಲೇ ಆ ಇನ್ನೊಂದು ವ್ಯಾನು ಬಾಗಿಲು ತೆರೆದುಕೊಂಡು ನಿಂತಿತ್ತು. ನನ್ನ ವ್ಯಾನಿನ ಎರಡು ಮಕ್ಕಳು ಅದರ ಹತ್ತಿರ ಅಪ್ಪಂದಿರ ಜೊತೆ ನಿಂತಿದ್ದವು. ನನ್ನ ಹಾರ್ನ್ ಕೇಳಿ ಅವು ತಿರುಗಿ ನೋಡಿದವು, ಅಪ್ಪಂದಿರು ಗಡಿಯಾರ ನೋಡಿದರು, ಎಂಟಕ್ಕೆ ಎರಡು ನಿಮಿಷ ಬಾಕಿ. ಮಕ್ಕಳು ಓಡಿಬಂದು ಹತ್ತಿದವು. ಆಮೇಲೆ ಒಂದೊಂದು ಮನೆಯಲ್ಲೂ ಗೇಟು ತೆರೆಯಿತು, ಒಬ್ಬರೂ ಕಡಿಮೆಯಾಗಲಿಲ್ಲ. ಹದಿನಾರು ಮಕ್ಕಳೂ ಶಾಲೆಯ ಒಳಗೆ ಹೋದ ಮೇಲೆ ನನಗೆ ಎದೆ ತುಂಬಿಬಂತು. ವಾಪಸ್ ಬರುವಾಗ ಖಾಲಿ ವ್ಯಾನಿನಲ್ಲಿ ನಾವಿಬ್ಬರೇ. ಇನ್ನು ತಡೆಯುವುದಕ್ಕಾಗಲಿಲ್ಲ.

“ಸಿಸ್ಟರ್, ನಿನ್ನೆ ನಾನು ನಿಮ್ಗೆ ಸುಳ್ಳು ಹೇಳ್ದೆ.”

“ಗೊತ್ತು ಕಣಪ್ಪ. ನಮ್ಮ ಬೀದಿಗೆ ಭಾನ್ವಾರ ಕಸದ ಗಾಡಿ ಯಾವತ್ತು ಬಂದಿತ್ತು?”

ಅವರು ಕಿಟಕಿಯ ಹೊರಗೆ ನೋಡುತ್ತಾ ಮುಂದುವರಿಸಿದರು.

“ಗೊತ್ತಿಲ್ಲ ಸಿಸ್ಟರ್ ಅಂದಿದ್ರೆ ನಾನು ಮೊದ್ಲು ನಿಮ್ಮ ಮನೆಯೆಲ್ಲಾ ಹುಡುಕ್ತಿದ್ದೆ. ಅಡುಗೆಮನೆಗೆ ಹೋಗಿದ್ರೆ ಐದು ನಿಮಿಷದ ಕೆಲ್ಸ. ನೀನು ಅಷ್ಟು ಚೆನ್ನಾಗಿ ಸುಳ್ಳು ಹೇಳ್ದೆ ನೋಡು, ಅಂಗಾದ್ರೆ ಬಟ್ಟೆ ಒಳಗೇ ಅದೆ, ಇವನಿಗೂ ಗೊತ್ತದೆ ಅಂದ್ಕೊಂಡು ಇಳಿಸ್ಬುಟ್ಟೆ.”

ಹೇಳಿ ಮುಗಿಸುವ ಮೊದಲೇ ಅವರಿಗೆ ನಗು ಬಂದಿತ್ತು. ನಾನು ವ್ಯಾನನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ಇಬ್ಬರ ನಗುವೂ ನಿಲ್ಲುವವರೆಗೆ ಗೇರ್ ಹಾಕಲು ನನಗೆ ಕೈ ಬರಲಿಲ್ಲ.